ಹನಿಯೊಳಗೆ ಉಳಿದ ಮುಲಾಮು

ಬೆಳಕು ಹರಿಯುವ ಹೊತ್ತಿಗೆ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಪಂಪಣ್ಣ ಆಳೆತ್ತರದ ಉಕ್ಕಿನ ಯಂತ್ರಕ್ಕೆ ಕಾಯಿಸುವ ಪಟ್ಟಿ ಸುತ್ತುತ್ತಿದ್ದಾರೆ, ಮುರಿದ ಕಾಲಿಗೆ ಬ್ಯಾಂಡೇಜು ಕಟ್ಟುವವರ ನಿಧಾನದಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇದೆ. ಯಂತ್ರದೊಳಗಿನ ಗಾಳಿ ಹೀರುವ ಪಂಪುಗಳನ್ನು ನೋಡಿಕೊಳ್ಳುವ ಅಣ್ಣ ಪಂಪಣ್ಣನಾಗಿ ಇಪ್ಪತ್ತು ವರ್ಷ ದಾಟಿದೆ. ಇಲ್ಲಿಂದ ಹೊರಬಿದ್ದ ಪ್ರಬಂಧಗಳಲ್ಲಿ ಆ ಹೆಸರೂ ಇಲ್ಲ, ಈ ಹೆಸರೂ ಇಲ್ಲ.

ಹೀಲಿಯಂ ಅನಿಲವನ್ನು ವಿಪರೀತ ತಣ್ಣಗಾಗಿಸಿ, ಕೂದಲಿಗಿಂತ ಸಣ್ಣ ತೂತಿನಿಂದ ಗಾಳಿಯೇ ಇಲ್ಲದ ಕೋಣೆಗೆ ಚಿಮ್ಮಿಸಿದರೆ ಅದು ಕಣ್ಣಿಗೆ ಕಾಣದ ಹನಿಗಳಾಗುತ್ತದೆ. ದಾರಿಯಲ್ಲಿ ಸಿಕ್ಕ ಅಣುವನ್ನು ಹನಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅದಾದ ಮೇಲೆ ಎಲೆಕ್ಟ್ರಾನುಗಳ ಹೊಡೆತ.

“ಏಟು ಬೀಳೋದು ಯಾವುದೋ ಹೀಲಿಯಂ ಪರಮಾಣುವಿಗೆ,” ಎನ್ನುತ್ತಾರೆ ಪಂಪಣ್ಣ. “ಅದು ಒಂದು ಎಲೆಕ್ಟ್ರಾನು ಕಳ್ಕೊಂಡು ಅಯಾನು ಆಗುತ್ತೆ. ಸುಮ್ನೆ ಇರುತ್ತಾ? ಪಕ್ಕದವನ ಹತ್ರ ಕಿತ್ಕೊಳ್ಳುತ್ತೆ, ಅವನು ಇನ್ನೊಬ್ಬನ ಹತ್ರ. ಹೀಗೇ ದಾಟಿ ದಾಟಿ, ಒಳಗೆ ತೆಪ್ಪಗೆ ಕೂತಿರೋ ಹೊರಗಿನ ಅಣುವಿನ ತಲೆಗೆ ಬಂದು ನಿಲ್ಲುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತಲ್ಲ, ಹಾಗೆ.”

ಬರೆ ತಿಂದ ಆ ಅಣುವೂ ಅಯಾನಾಗಿ ಹೊರಬರುತ್ತದೆ. ಅದರ ತೂಕ ಪರದೆಯ ಮೇಲೆ ಒಂದು ಗೆರೆಯಾಗಿ ಏಳುತ್ತದೆ. ಹಾಗಾಗಿ ಯಂತ್ರದ ಒಳಭಾಗವನ್ನು ಯಾರೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಕೂಡ ಗೆರೆಯಾಗಿ ಸಾಕ್ಷಿ ಹೇಳುತ್ತದೆ.

ಆ ತಪ್ಪು ಪಂಪಣ್ಣನಿಂದಲೇ ಆಯಿತು. ಹೆಂಡತಿಯ ಮೂಳೆಗೆ ಕ್ಯಾನ್ಸರ್ ಹಬ್ಬಿದ್ದ ದಿನಗಳು. ಆಕೆಯ ಸೊಂಟಕ್ಕೆ ಕರ್ಪೂರದ ಮುಲಾಮು ತಿಕ್ಕಿ, ಕಣ್ಣಿಗೆ ನಿದ್ದೆಯಿಲ್ಲದೆ ನೇರ ಕೆಲಸಕ್ಕೆ ಬಂದಿದ್ದರು. ಗಾಳಿ ನುಸುಳದಂತೆ ಯಂತ್ರದೊಳಗೆ ಕೂರಿಸುವ ರಬ್ಬರ್ ಬಳೆ ಬದಲಿಸಲು ಕೂತವರು ಕೈಗವಸು ಮರೆತರು.

“ಮುಲಾಮಿಂದ ಏನೂ ಆಗ್ತಿರ್ಲಿಲ್ಲ. ಅವಳಿಗೂ ಗೊತ್ತಿತ್ತು. ಆದ್ರೂ ‘ಕೈ ತೆಗೀಬೇಡಿ’ ಅನ್ನೋಳು.”

ಪರದೆಯಲ್ಲಿ ಗೊತ್ತಿಲ್ಲದ ಗೆರೆಯೊಂದು ಎದ್ದಿತು. ಸಂಶೋಧಕಿಯೊಬ್ಬಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಳು. ಅವಳ ಅಳತೆಗಳೆಲ್ಲ ನೀರಲ್ಲಿ ಹೋಮವಾದವು. ಅದು ಕರ್ಪೂರವೆಂದು ಅವಳು ಕಂಡುಹಿಡಿದ ದಿನ ಪಂಪಣ್ಣ ಎಲ್ಲರೆದುರು ಒಪ್ಪಿಕೊಂಡರು. ಕೆಲಸ ಉಳಿಯಿತು, ಮಾನ ಹೋಯಿತು ಎನ್ನುತ್ತಾರೆ. ಯಂತ್ರವನ್ನು ಚೆನ್ನಾಗಿ ಕಾಯಿಸಿದರೆ ಒಳಗಿನ ಕಲ್ಮಶವೆಲ್ಲ ಆವಿಯಾಗಿ ಹೋಗುತ್ತದೆ. ಆ ಕೆಲಸಕ್ಕೆ ಕೈ ಹಾಕುವ ಮೊದಲೇ ಹೆಂಡತಿ ತೀರಿಕೊಂಡರು.

ಮಣ್ಣು ಮಾಡಿ ಬಂದರೆ ಮನೆಯಲ್ಲಿ ಆಕೆಯ ವಾಸನೆಯೇ ಇರಲಿಲ್ಲ. ನಾದಿನಿ ಒಳ್ಳೆಯ ಮನಸ್ಸಿನಿಂದಲೇ ಹಾಸಿಗೆ ಬಟ್ಟೆ ಒಗೆದು, ನೆಲ ತೊಳೆದು, ಮುಲಾಮಿನ ಡಬ್ಬಿ ಎಸೆದಿದ್ದಳು. ಪಂಪಣ್ಣ ಕೆಲಸಕ್ಕೆ ಮರಳಿ ಯಂತ್ರ ಚಾಲೂ ಮಾಡಿದಾಗ ಪರದೆಯ ಮೇಲೆ ಅದೇ ಕರ್ಪೂರದ ಗೆರೆ. ಪಂಪುಗಳ ಗದ್ದಲದಲ್ಲಿ ಯಾರಿಗೂ ಕೇಳದಂತೆ ಬಿಕ್ಕಿ ಬಿಕ್ಕಿ ಅತ್ತರು.

ಇದನ್ನೆಲ್ಲ ಆಮೇಲೆ ಅವರೇ ಸಂಶೋಧಕಿಗೆ ಹೇಳಿದ್ದಾರೆ. ಯಂತ್ರ ಶುದ್ಧವಾಗದೆ ಅವಳ ಅಳತೆ ಸಾಗದು, ಅದಕ್ಕೆ ಕೊಟ್ಟಿರುವ ಗಡುವೂ ಮುಗಿಯುತ್ತ ಬಂದಿದೆ. ಆದರೂ ಈಗ ಬಾಗಿಲಲ್ಲೇ ನಿಂತು, “ಇನ್ನೊಂದು ವಾರ ಕಾಯಿಸದೆ ಹಾಗೇ ಬಿಡೋಣ, ಅಣ್ಣ,” ಎನ್ನುತ್ತಾಳೆ.

“ಬೇಡಮ್ಮ. ನಂಗೆ ಬಿದ್ದ ಏಟು ನಿನ್ನ ತಲೆಗೆ ಯಾಕೆ ಬರಬೇಕು?”

ನಿನ್ನೆ ಸಂಜೆಯೇ ಗೆರೆಯನ್ನು ಕೊನೆಯ ಸಲ ನೋಡಿಕೊಂಡಿದ್ದಾರೆ. ಅವರಿಗಿದ್ದದ್ದು ಒಂದೇ ಆಸೆ, ಸ್ವಿಚ್ಚನ್ನು ಬೇರೆ ಯಾರೂ ಮುಟ್ಟಬಾರದು. “ಹಚ್ಚಿದ್ದು ಈ ಕೈ. ಒರೆಸೋದೂ ಈ ಕೈಯೇ ಆಗ್ಲಿ.”

ಸ್ವಿಚ್ಚು ಒತ್ತುತ್ತಾರೆ. ಉಕ್ಕು ನಿಧಾನವಾಗಿ ಬೆಚ್ಚಗಾಗುತ್ತದೆ. ಪಟ್ಟಿಗಳ ನಡುವೆ ಉಳಿದ ಜಾಗದಲ್ಲಿ ಪಂಪಣ್ಣ ಬರಿಗೈ ಇಟ್ಟು ನಿಲ್ಲುತ್ತಾರೆ.

“ಅಣ್ಣ, ಸುಡುತ್ತೆ, ಕೈ ತೆಗೀರಿ,” ಎನ್ನುತ್ತಾಳೆ ಸಂಶೋಧಕಿ.

“ಗೊತ್ತಮ್ಮ. ಸುಡೋ ತನಕ ಇಟ್ಟಿರ್ತೀನಿ.”