ಹನ್ನೆರಡು ಅಂಕಿಗಳ ಮಾವಶಿ

ಹಳದಿ ಬಿಲ್ಲೆಯ ತೂತಿನಲ್ಲಿ ಒಂದು ಗಿಡ್ಡ ಕಪ್ಪು ಕೂದಲು ಸಿಕ್ಕಿಕೊಂಡಿತ್ತು. ಎಮ್ಮೆಯ ಕಿವಿಗೆ ಚುಚ್ಚುವ, ಹನ್ನೆರಡು ಅಂಕಿಗಳ ಬಿಲ್ಲೆ. ಹೈನುಗಾರರ ಆ್ಯಪ್ ಪರೀಕ್ಷಿಸಲೆಂದು ದಾಂಡೇಲಿಯ ನಮ್ಮ ಕಚೇರಿಗೆ ಅಂಥ ಹಳೆಯ ಬಿಲ್ಲೆಗಳ ಡಬ್ಬಿ ಬಂದಿತ್ತು. ಮೂಗಿನ ಹತ್ತಿರ ಹಿಡಿದೆ. ಕೊಟ್ಟಿಗೆಯ ವಾಸನೆ ಇನ್ನೂ ಇತ್ತು...

ಹಳಿಯಾಳದ ನಮ್ಮ ಮನೆಗೆ ಹಾಲು ತರುತ್ತಿದ್ದವಳನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಎಮ್ಮೆ ಸಾಕುವ ಗೌಳಿಗರ ಕೇರಿ, ಕಾಡಂಚಿನ ಗೌಳಿವಾಡದವಳು. ಗಂಡ ಇರಲಿಲ್ಲ, ಒಂದು ಎಮ್ಮೆ ಇತ್ತು. ಅಳತೆಯ ಮೇಲೆ ಇನ್ನಷ್ಟು ಸುರಿದು, "ಇದು ಕಾಲೇಜ್‌ಬಾಯಿಗೆ. ಕುಡದು ಒಂದ್ ಮಾತರ ಆಡಲಿ!" ಎಂದು ಕಾಲೇಜಿಗೆ ಹೋಗುತ್ತಿದ್ದ, ಮಾತು ಕಡಿಮೆಯ ನನ್ನನ್ನು ಛೇಡಿಸುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಾಗ ಆಸ್ಪತ್ರೆಗೆ ಕರೆದೊಯ್ದವಳು ನಾನೇ. ಆರೋಗ್ಯ ಕಾರ್ಡು ಇತ್ತು. ಅದಿಲ್ಲದೆ ಶಸ್ತ್ರಚಿಕಿತ್ಸೆ ಅವಳ ಕೈಗೆಟಕುವಂತಿರಲಿಲ್ಲ. ಕೌಂಟರಿನವನು ಪರದೆ ನೋಡಿ ದನಿ ತಗ್ಗಿಸಿದ.

"ಇದರಾಗ ನೀವು ತೀರಿಕೊಂಡೀರಿ ಅಂತ ಐತ್ರಿ."

"ಸತ್ತಾಕಿ ಹೊಟ್ಟಿ ಯಾಕ ನೋಯತೈತಿ? ನಿನ್ನ ಮಷಿನ್ನಿಗೆ ಕೇಳಪಾ."

ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು.

ಹೊರಗೆ ಬಂದು ಅಂಕಿಗಳನ್ನು ಹೋಲಿಸಿದಾಗ ತಿಳಿಯಿತು. ಕಾರ್ಡು ಮಾಡಿಸುವಾಗ ಅವಳು ತನ್ನ ಗುರುತಿನ ಚೀಟಿಯ ಬದಲು ಎಮ್ಮೆಯ ಬಿಲ್ಲೆ ಸಂಖ್ಯೆಯ ಚೀಟಿ ಕೊಟ್ಟಿದ್ದಳು. ಎರಡರಲ್ಲೂ ಹನ್ನೆರಡೇ ಅಂಕಿ, ಆ್ಯಪ್ ಒಪ್ಪಿಕೊಂಡಿತ್ತು. ಮಳೆಗಾಲದಲ್ಲಿ ಎಮ್ಮೆ ಹಾವು ಕಚ್ಚಿ ಸತ್ತಿತು. ಪಶುವೈದ್ಯರು ಅದನ್ನು ಸರಿಯಾಗಿಯೇ ದಾಖಲಿಸಿದರು. ಒಂದು ಆ್ಯಪ್‌ನಲ್ಲಿ ಬರೆದದ್ದು ಉಳಿದವಕ್ಕೂ ತಾನಾಗಿ ಹೋಗುತ್ತಿತ್ತು. ಕಾರ್ಡಿನ ಆ್ಯಪ್‌ಗೆ ಅಂಕಿ ಹೋಯಿತು, ಸಾವು ಹೋಯಿತು. ಸತ್ತದ್ದು ಎಮ್ಮೆ ಎಂಬುದು ಹೋಗಲಿಲ್ಲ.

"ನಂಬರ್ ಕೇಳಿದ್ರು, ಕೊಟ್ಟೆ. ಯಾರದಂತ ಯಾರು ಕೇಳಿದ್ರವಾ?" ಎಂದಳು.

ತಿದ್ದುಪಡಿಗೆ ಅರ್ಜಿ ಕೊಟ್ಟೆವು. ತಾನು ಬದುಕಿದ್ದೇನೆಂದು ಹೇಳಲು ಅವಳು ಒಂದೊಂದೇ ಕಚೇರಿಯ ಮೆಟ್ಟಿಲು ಹತ್ತಿದಳು, ಪ್ರತಿ ಸಲವೂ ಇನ್ನಷ್ಟು ಬಾಗಿಕೊಂಡು... ಬೇಸಿಗೆಗೆ ಮೊದಲೇ ತೀರಿಕೊಂಡಳು. ಆಮೇಲೆ ದಾಖಲೆಯನ್ನು ಯಾರೂ ತಿದ್ದಬೇಕಾಗಲಿಲ್ಲ.

ಈಗ ಇಂಥ ಗುರುತಿನ ಸಂಖ್ಯೆಗಳನ್ನು ರೂಪಿಸುವುದೇ ನನ್ನ ಕೆಲಸ. ಪ್ರತಿ ಸಂಖ್ಯೆಯ ಮುಂದೆ ಅದು ಮನುಷ್ಯರದೋ ಜಾನುವಾರಿನದೋ ಎಂದು ತಿಳಿಸುವ ಅಕ್ಷರಗಳಿರಬೇಕು, ಬೇರೆ ಬಗೆಯದು ಬಂದರೆ ಆ್ಯಪ್ ಬಾಗಿಲಲ್ಲೇ ತಡೆಯಬೇಕು ಎಂದು ಬರೆದಿಟ್ಟಿದ್ದೆ. ಬಿಲ್ಲೆಗಳು ಬಂದ ಸಂಜೆಯೇ ನಮ್ಮ ಮೇಲಿನವರು ಬಂದು ಹೇಳಿದರು: "ಉಳದ ಆ್ಯಪ್‌ನವರು ಅಕ್ಷರ ತಗೊಳ್ಳಂಗಿಲ್ಲಂತವಾ. ಅಂಕಿ ಅಷ್ಟ ಸಾಕಂತ. ತಗದುಬಿಡು."

ಮೊದಲ ಸಲ ಒಬ್ಬರೆದುರು ಮಾವಶಿಯ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಪಾಪ," ಎಂದರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಅಕ್ಷರಗಳನ್ನೆಲ್ಲ ಅಳಿಸಿ ಬರೀ ಅಂಕಿಗಳನ್ನು ಕಳಿಸಿದೆ.