ಬಂದ್ ಎಂದು ಓದಿದ್ದೆ

ಮಾನ್ವಿಯ ಹೊರಗಿನ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಕರೆಂಟಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಅಲ್ಲಿಯ ಪ್ಯಾನೆಲ್ ರೂಮಿನ ಹಿಂದಿನ ಗೋಡೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ. ಸುತ್ತೆಲ್ಲ ಮಸಿ, ನಡುವೆ ಅವನಷ್ಟೇ ಬೆಳ್ಳಗೆ: ತಲೆ, ಹೆಗಲು, ಎತ್ತಿದ ಬಲಗೈ. ಎರಡು ಸಲ ಸುಣ್ಣ ಹೊಡೆಸಿದೆವು. ಸುಣ್ಣ ಒಣಗಿ ವಾರವಾಗುವುದರೊಳಗೆ ಮಸಿ ಮೇಲೆದ್ದು ಬಂತು, ಅದರೊಂದಿಗೆ ಅವನೂ ಬಂದ. ಕಸ ಹೊಡೆಯುವ ಹೆಂಗಸರು ಅವನ ಕಾಲ ಬುಡದಲ್ಲಿ ನಿಂಬೆಹಣ್ಣು ಇಟ್ಟು ಊದಿನಕಡ್ಡಿ ಹಚ್ಚತೊಡಗಿದರು. ನನಗೆ ಮೈಯೆಲ್ಲ ಉರಿಯಿತು.

"ಅಂವಾ ಇನ್ನೂ ಜೀವಂತ ಅದಾನ, ದವಾಖಾನ್ಯಾಗ ಮಲಗ್ಯಾನ! ಬದುಕಿದ್ದವಗ ಊದಿನಕಡ್ಡಿ ಹಚ್ಚತೀರೇನು?" ಎಂದು ಕೂಗಾಡಿದೆ.

ಅವರಲ್ಲಿ ಒಬ್ಬಾಕೆ ಮೆತ್ತಗೆ ಅಂದಳು: "ಅಂವಗಲ್ರಿ ಯಪ್ಪಾ. ಇಲ್ಲಿ ಉಳಿದಾನಲ್ಲ, ಇವಂಗ."

ಅಂದಿನಿಂದ ನಾನೂ ಆ ಗೋಡೆಗೆ ಬೆನ್ನು ಕೊಟ್ಟು ಕೆಲಸ ಮಾಡಲಿಲ್ಲ.

ಗೋಡೆಯ ಮೇಲಿದ್ದವನು ನಮ್ಮ ವೈರ್‌ಮನ್, ದೇವದುರ್ಗದವನು. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಾನು ಕಾಕಾ ಅನ್ನುತ್ತಿದ್ದೆ, ಅವನು ತಮ್ಮಾ ಅನ್ನುತ್ತಿದ್ದ. ನಾನು ರಾಯಚೂರಿನಲ್ಲಿ ಡಿಪ್ಲೊಮಾ ಮಾಡಿದವನು, ಅವನು ಕೆಲಸ ಮಾಡುತ್ತಲೇ ಕಲಿತವನು. ಮೋಟಾರಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ. ಬೆಂಕಿ ತಡೆಯುವ ದಪ್ಪ ಅಂಗಿ, ಮುಖ ಮುಚ್ಚುವ ಟೋಪಿ ಮಿಲ್ಲಿಗೆ ಬಂದ ದಿನ ಅವನ್ನು ಎತ್ತಿ ನೋಡಿ, "ಈ ಬಿಸಿಲಾಗ ಇದನ್ನ ಹಾಕ್ಕೊಂಡ್ರ ಕರೆಂಟ್ ಯಾಕ ಬೇಕೋ, ಇದಾ ಕೊಲ್ಲತದ" ಎಂದು ನಕ್ಕು ಕಪಾಟಿನಲ್ಲಿ ತುರುಕಿದ. ನಾನೂ ನಕ್ಕೆ. ನಗಬಾರದಿತ್ತು.

ತಪಾಸಣೆಗೆ ಬಂದ ಅಧಿಕಾರಿ, ಸೂಚನೆಗಳೆಲ್ಲ ಕನ್ನಡದಲ್ಲಿರಲಿ, ಕೆಲಸಗಾರರ ಜೀವದ ಪ್ರಶ್ನೆ ಅಂದರು. ನನಗಂತೂ ಹಿಗ್ಗೋ ಹಿಗ್ಗು. ರಾಯಚೂರಿಗೆ ಹೋಗಿ, ಸ್ಟಿಕ್ಕರ್ ಅಂಗಡಿಯವನ ತಲೆ ತಿಂದು, ಹಳದಿಯ ಮೇಲೆ ಕರಿ ಅಕ್ಷರದಲ್ಲಿ ಮಾಡಿಸಿ ತಂದೆ. ಇಡೀ ಮಿಲ್ಲಿಗೆ ಕರೆಂಟು ಬಿಡುವ, ತಡೆಯುವ ದೊಡ್ಡ ಬ್ರೇಕರಿನ ಮೇಲೆ ಒಂದು ಮುಳ್ಳು ಓಪನ್, ಕ್ಲೋಸ್ ಎಂಬ ಎರಡು ಮಾತುಗಳ ನಡುವೆ ಓಡಾಡುತ್ತದೆ. ಓಪನ್ ಮೇಲೆ 'ತೆರೆದಿದೆ', ಕ್ಲೋಸ್ ಮೇಲೆ 'ಬಂದ್' ಎಂದು ಅಂಟಿಸಿದೆ. ಆದರೆ ಬ್ರೇಕರ್ ಕ್ಲೋಸ್ ಆಗಿದೆ ಅಂದರೆ ಒಳಗಿನ ತುದಿಗಳು ಕೂಡಿವೆ, ಕರೆಂಟು ಹರಿಯುತ್ತಿದೆ ಎಂದು ಅರ್ಥ. ನಮ್ಮ ಕಡೆ ಬಂದ್ ಅಂದರೆ ಅಂಗಡಿ ಬಂದ್, ನಳ ಬಂದ್, ಫ್ಯಾನ್ ಬಂದ್. ಎಲ್ಲ ನಿಂತಿದೆ ಎಂದು. ಓದಿದ ಮಂಗ್ಯಾ ನಾನು, ಇಷ್ಟೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆಂದು ಯಂತ್ರಗಳೆಲ್ಲ ನಿಂತಿದ್ದಾಗ ಪ್ಯಾನೆಲ್ಲಿನ ಹಿಂದಿನಿಂದ ಸುಟ್ಟ ವಾಸನೆ ಬಂತು. ಸಡಿಲಾದ ಬೋಲ್ಟ್ ಬಿಗಿ ಮಾಡಲು ಕಾಕಾ ಪಾನಾ ಹಿಡಿದು ಹಿಂದೆ ಹೋದ. ನಾನು ಮುಂದೆ ನಿಂತೆ. ಕರೆಂಟು ಇದ್ದರೆ ಉರಿಯಬೇಕಾದ ಕೆಂಪು ದೀಪ ಕೆಟ್ಟು ಎಷ್ಟೋ ದಿನವಾಗಿತ್ತು.

"ತಮ್ಮಾ, ಬಂದ್ ಅದ ಏನು?"

ಮುಳ್ಳು ನೋಡಿದೆ. ನನ್ನದೇ ಹಳದಿ ಸ್ಟಿಕ್ಕರನ್ನು ಓದಿ ಹೇಳಿದೆ: "ಬಂದ್ ಅದ ಕಾಕಾ."

ಅದು ಶಾಕ್ ಹೊಡೆಯುವ ಹಾಗಲ್ಲ. ಪಾನಾ ತಗಲಿದ ಜಾಗದಲ್ಲಿ ಗಾಳಿಯೇ ಹೊತ್ತಿಕೊಂಡಿತು. ಮೊದಲು ಬೆಳಕು, ಆಮೇಲೆ ಸದ್ದು, ಆಮೇಲೆ ತಾಮ್ರವೇ ಹೊಗೆಯಾಗಿ ರೂಮು ತುಂಬಿತು. ಕಾಕಾನ ಮೈ ಅಡ್ಡವಾಗಿದ್ದಷ್ಟು ಜಾಗ ಬಿಟ್ಟು ಹಿಂದಿನ ಗೋಡೆಯೆಲ್ಲ ಮಸಿಯಾಯಿತು. ನನ್ನ ಕಿವಿಯ ಗುಂಯ್ ನಿಂತಾಗ ಹೊರಗೆ ಗುಬ್ಬಿಗಳು ನುಚ್ಚು ಹೆಕ್ಕುವುದು ಕೇಳಿಸಿತು. ಹೊಗೆಯೊಳಗಿಂದ ಕಾಕಾ ತಾನೇ ನಡೆದುಕೊಂಡು ಬಂದ. ಅಂಗಿ ಮೈಗೆ ಅಂಟಿತ್ತು. ದನಿ ಮಾತ್ರ ದಿನದ ದನಿಯೇ.

"ಲೈಟ್ ಯಾಕ ಆರಿಸಿದಿ ತಮ್ಮಾ?" ಅಂದ.

ಕಿಟಕಿಯ ಬಿಸಿಲು ನೇರ ಅವನ ಮುಖದ ಮೇಲೆ ಬಿದ್ದಿತ್ತು.

ಅವನನ್ನು ರಾಯಚೂರಿನ ದವಾಖಾನೆಗೆ ಒಯ್ದರು. ನಾನು ಹಿಂದೆ ಉಳಿದು ಆ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದೆ. ಯಾರೂ ನೋಡಲಿಲ್ಲ. ವಿಚಾರಣೆಯ ಕಾಗದದಲ್ಲಿ 'ವೈರ್‌ಮನ್‌ನ ಅಜಾಗರೂಕತೆ' ಎಂದು ಬರೆದರು. ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಎರಡೂ ಕಣ್ಣು ಕಳೆದುಕೊಂಡವನ ತಲೆಗೆ ನನ್ನ ತಪ್ಪನ್ನೂ ಕಟ್ಟಿದೆ. ಆಮೇಲೆ ಬ್ರೇಕರಿಗೆ ಬೀಗ ಹಾಕದೆ, ಮೀಟರಿನಿಂದ ಪರೀಕ್ಷೆ ಮಾಡದೆ, ದಪ್ಪ ಅಂಗಿ ತೊಡದೆ ಯಾರೂ ಪ್ಯಾನೆಲ್ ತೆರೆಯಬಾರದೆಂದು ಕಟ್ಟಪ್ಪಣೆಯಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಅಪ್ಪಣೆಯನ್ನು ಜೋರಾಗಿ ಓದಿ ಹೇಳುತ್ತಿದ್ದವನು ನಾನೇ, ಹಿಂದಿನ ಗೋಡೆಯಿಂದ ಯಾರೋ ಕಿವಿಗೊಟ್ಟು ಕೇಳುತ್ತಿದ್ದ ಹಾಗೆ ಅನಿಸುತ್ತಿತ್ತು.

ಆರು ತಿಂಗಳಿಗೆ ನನ್ನಿಂದ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಕಾಗದದ ಮೇಲೆ ಬರೆದೆ: ಸ್ಟಿಕ್ಕರ್ ಅಂಟಿಸಿದ್ದು ನಾನು, ಓದಿದ್ದು ನಾನು, ಕೆರೆದದ್ದು ನಾನು. ಮಿಲ್ಲಿಗೆ ಕೊಡುವ ಮೊದಲು ಕಾಕಾನಿಗೆ ತಿಳಿಯಲಿ ಎಂದು ದೇವದುರ್ಗದ ಬಸ್ಸು ಹತ್ತಿದೆ. ಅವನು ಕಟ್ಟೆಯ ಮೇಲೆ ಕೂತಿದ್ದ. ನನ್ನ ಹೆಜ್ಜೆ ಗುರುತಿಸಿ "ಬಾ ತಮ್ಮಾ" ಅಂದ. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಕಾಗದವನ್ನು ಅವನ ಸುಟ್ಟ ಕೈಯಲ್ಲಿ ಇಟ್ಟೆ.

"ಮನ್ಯಾಗ ಯಾರರ ಓದಿ ಹೇಳಲಿ ಕಾಕಾ. ನಿನಗ ಈಗ ಕಣ್ಣ..." ಎಂದು ತೊದಲಿದೆ.

"ಕಣ್ಣ ಇದ್ದಾಗ ಎಲ್ಲಿ ಓದಾಕ ಬರ್ತಿತ್ತೋ ನನಗ?" ಅಂದ. ನಾಚಿಕೆಯಿಂದ ಸಣ್ಣಗೆ ನಕ್ಕ. "ಯಾರಿಗೂ ಹೇಳಿರಲಿಲ್ಲ. ಬರದದ್ದು ಏನಿದ್ರೂ ನಿನ್ನ ಕೇಳತಿದ್ದೆ." ಕಾಗದವನ್ನು ತಡವರಿಸುತ್ತ ನನ್ನ ಕಡೆಗೆ ಚಾಚಿದ. "ನೀನಾ ಓದು. ನೀ ಓದಿದ್ರ ನಾ ನಂಬತೀನಿ."

ಕಾಗದ ಬಿಚ್ಚಿದೆ. ಒಂದಕ್ಷರವನ್ನೂ ಬಿಡದೆ ಓದಿದೆ.