ಮೊಮ್ಮಗಳ ಗ್ಯಾಸಿನ ಕೆಲಸ

ತಪ್ಪು ನನ್ನದೇ. ಮೊಮ್ಮಗಳು ಶಿವಲೀಲಾ ಹೈದರಾಬಾದಿನಲ್ಲಿ ಏನು ಮಾಡುತ್ತಾಳೆಂದು ತಾಂಡೂರಿನ ತೊಗರಿ ದಲಾಲಿಯ ಅಡತ್ ಅಂಗಡಿಯಲ್ಲಿ ಯಾರೋ ಕೇಳಿದಾಗ, ಹಿಗ್ಗು ತಡೆಯಲಾರದೆ "ಗ್ಯಾಸಿನ ಕೆಲಸ" ಅಂದುಬಿಟ್ಟೆ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಮಲ್ಲಣ್ಣ ಹಳೆಯ ರೆಗ್ಯುಲೇಟರ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಕಾಕಾ, ಇದು ಸುಂಯ್ ಅಂತದ. ಲೀಲಾಗ ಒಂದ್ ಮಾತ್ ಹೇಳ್ರಿ."

ಆ ಗ್ಯಾಸು ಸ್ವಲ್ಪ ದೂರ, ಅಲ್ಲಿಂದ ಬೆಳಕು ಬಂದು ಮುಟ್ಟಲಿಕ್ಕೇ ನೂರಾರು ಕೋಟಿ ವರ್ಷ ಬೇಕು ಎಂದೆ.

"ಇಲ್ಲೀದು ಬಿ ಅಷ್ಟೇ ತಡ ಆಗ್ತದ. ಬುಕ್ ಮಾಡಿಡ್ರಿ" ಎಂದು ಹೋದ.

ಮೂರನೇ ಇಯತ್ತೆಗೇ ಶಾಲೆಯನ್ನು ಉದ್ಧಾರ ಮಾಡಿ ಹೊರಬಂದ ಪಂಡಿತ ನಾನು, ತಿಳಿದಷ್ಟು ಹೇಳುತ್ತೇನೆ. ಅವಳ ಗ್ಯಾಸು ಇರುವುದು ಕ್ವೇಸಾರ್ ಸುತ್ತ. ಕ್ವೇಸಾರ್ ಎಂದರೆ ಬಹುದೂರದ ನಕ್ಷತ್ರಲೋಕದ ನಡುವೆ ಕೂತ ಹೊಟ್ಟೆಬಾಕ ಕಪ್ಪುಕುಳಿ. ಅದರೊಳಗೆ ಬೀಳುವ ಸರಕು ಕಾದು ಉರಿಯುತ್ತದೆ. ಆ ಬೆಳಕಿನ ಹೊಡೆತಕ್ಕೆ ಸುತ್ತಲಿನ ಗ್ಯಾಸಿನ ಕಣಗಳು ಎಲೆಕ್ಟ್ರಾನು ಕಳೆದುಕೊಂಡು ಹೊಳೆಯುತ್ತವೆ. ಆ ಹೊಳಪನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಅಲ್ಲಲ್ಲಿ ಪ್ರಕಾಶದ ಗೆರೆಗಳು, ಜಲಜನಕಕ್ಕೆ ಬೇರೆ, ಕಬ್ಬಿಣಕ್ಕೆ ಬೇರೆ. ಗ್ಯಾಸನ್ನಂತೂ ಯಾರೂ ಮುಟ್ಟುವಂತಿಲ್ಲ. ಹಾಗಾಗಿ ನಮ್ಮ ಹುಡುಗಿ ಕಂಪ್ಯೂಟರಿನಲ್ಲಿ ಇಲ್ಲದ ಗ್ಯಾಸು ತುಂಬಿ, ಇಲ್ಲದ ಒಲೆಯಲ್ಲಿ ಕಾಯಿಸಿ, ಏಳುವ ಗೆರೆಗಳು ದುರ್ಬೀನಿನಲ್ಲಿ ಕಂಡ ಗೆರೆಗಳಿಗೆ ಹೊಂದುತ್ತವೆಯೇ ಎಂದು ನೋಡುತ್ತಾಳೆ. ಇಂಥ ಘನಕಾರ್ಯ ಬಿಟ್ಟು ಜನ ಸುಮ್ಮನೆ ತೊಗರಿ ಬಿತ್ತುತ್ತಾ ಕಾಲ ಕಳೆಯುತ್ತಾರಲ್ಲ!

ಈ ಸಲ ಹೊಂದದಿದ್ದರೆ ಅವಳ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ. ಯುಗಾದಿಗೆ ಬಂದವಳು ಹೋಳಿಗೆ ಮುಟ್ಟದೆ ಕೂತಿದ್ದಳು. ನಾನೋ ನಲವತ್ತು ವರ್ಷ ಚೀಲಕ್ಕೆ ಸಲಾಕೆ ಚುಚ್ಚಿ, ಹಿಡಿಕಾಳು ನೋಡಿ ತೊಗರಿಯ ಕುಲಗೋತ್ರ ಹೇಳಿದವನು. ಬಾಯಿ ಹಾಕದೆ ಇರಲಾದೀತೇ?

"ಯವ್ವಾ, ಎಲ್ಲಾ ಒಂದೇ ಹೊಲದ ಮಾಲಂತ ಯಾಕ್ ತಿಳ್ಕೊಂಡಿ? ಚೀಲದಾಗ ಕರಿ ಮಣ್ಣಿಂದು ಇರ್ತದ, ಕೆಂಪ ಮಣ್ಣಿಂದು ಬಿ ಇರ್ತದ. ನಿನ್ನ ಗ್ಯಾಸೂ ಹಂಗೇ, ಒಂದ್ ಕಡಿ ದಟ್ಟ, ಒಂದ್ ಕಡಿ ತೆಳ್ಳಗ ಇರ್ಬೇಕು."

ಅವಳು ಪಕ್ಕೆ ಹಿಡಿದುಕೊಂಡು ನಕ್ಕಳು. "ಮುತ್ಯಾ, ಅದು ನಾ ಹುಟ್ಟೋಕ ಮೊದಲೇ ಮಂದಿಗಿ ಗೊತ್ತದ!"

ವಿಜ್ಞಾನಕ್ಕೆ ನನ್ನ ಕೊಡುಗೆ ಹೋಳಿಗೆ ಆರುವ ಮೊದಲೇ ಹಳಸಿತು. ನಕ್ಕವಳು ಮಾತ್ರ ಎರಡು ಹೋಳಿಗೆ ತಿಂದಳು.

ಮೊನ್ನೆ ಫೋನು ಬಂತು. "ಮುತ್ಯಾ, ಹೊಂದ್ಯಾವ! ಕಬ್ಬಿಣದ್ದೊಂದು ಬಿಟ್ಟು ಎಲ್ಲಾ ಗೆರಿ ಹೊಂದ್ಯಾವ. ನಮ್ಮ ಗೈಡ್ ಮೇಡಮ್ಮರು ಬರದು ಮುಗಸು ಅಂದಾರ."

"ಆ ಕಬ್ಬಿಣದ್ದು?"

"ಅದು ಇನ್ನಾ ಯಾರಿಗೂ ಪೂರಾ ಹೊಂದಿಲ್ಲ. ಅದರ ಮ್ಯಾಲೇ ಮುಂದಿನ ಕೆಲಸ ಮಾಡು ಅಂತ ಇನ್ನೊಂದ್ ಸಂಸ್ಥೆದವ್ರು ನೌಕರಿಗಿ ಕರದಾರ!"

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದವರಿಗೇ ಕುರ್ಚಿ ಸಿಗುವುದನ್ನು ನೋಡುತ್ತಾ ಮುದುಕನಾದವನು ನಾನು. ಹೊಂದಿಲ್ಲ ಎಂದವಳಿಗೆ ಕುರ್ಚಿ, ಇದು ಹೊಸ ರಿವಾಜು. ಅಡತ್‌ಗೆ ಓಡಿ ಎಲ್ಲರಿಗೂ ಪೇಡಾ ಹಂಚಿದೆ.

"ಒಂದು ಹೊಂದಿಲ್ಲಂತ, ಆದ್ರೂ ಪೇಡಾ ಏನ್ರಿ ಕಾಕಾ?" ಎಂದ ಮಲ್ಲಣ್ಣ.

"ಹೊಂದಿದ್ದಕ್ಕ ಒಂದು, ಹೊಂದಲಾರದ್ದಕ್ಕ ಎರಡು. ತಿನ್ನು ಸುಮ್ನೆ" ಎಂದೆ.